ಬಿಳುಪೇರಿದ ಹವಳ

ಹವಳವೆಂದೊಡನೆ ಕನ್ನಡ ಜನರ ಕಣ್ಣಮುಂದೆ ಬರುವುದು ನವರತ್ನದುಂಗುರದ ಕೆಂಪು ಹರಳು, ಇಲ್ಲವೆ ಹಿರಿಯಜ್ಜಿಯ ಕೊರಳಿನ ಸರ. ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ ನಸುಗತ್ತಲೆಯಲ್ಲಿ ಬೆಳೆಯುವಂಥದು; ಅದು ದ್ವೀಪಗಳನ್ನು ಕಟ್ಟುವುದಿಲ್ಲ. ದ್ವೀಪ ಕಟ್ಟುವ ಹವಳಗಳ ಪಂಗಡವೇ ಬೇರೆ. ಅಕ್ಕಸಾಲಿಗನ ಅಂಗಡಿಯಲ್ಲಿ ಅವಕ್ಕೆ ಬೆಲೆಯಿಲ್ಲದ್ದರಿಂದಲೋ ಏನೋ, ಅವುಗಳ ಅಳಿವಿನ ವಾರ್ತೆಯೂ ಜನರ ಕಿವಿಗೆ ತಡವಾಗಿ ಮುಟ್ಟುತ್ತಿದೆ.

ಈ ಜೀವಿ ಲೋಳೆಮೀನಿನ ದೂರದ ಬಂಧು. ಬಹುಪಾಲು ಕೆಲವೇ ಮಿಲಿಮೀಟರು ಅಗಲದ ಮೆತ್ತನೆಯ ಚೀಲ, ಅದಕ್ಕೊಂದು ಬಾಯಿ, ಬಾಯಿಯ ಸುತ್ತ ಎಳೆಯ ಕುಡಿಗಳು. ಇಷ್ಟೇ ಅದರ ದೇಹ. ಕಡಲ ನೀರಿನಲ್ಲಿ ಕರಗಿದ ಸುಣ್ಣವನ್ನು ಹೀರಿ ತನ್ನ ಬುಡದಲ್ಲಿ ಕಲ್ಲಿನ ಬಟ್ಟಲು ಕಟ್ಟುವುದು ಅದರ ಕಾಯಕ. ಗುಂಡುಕಲ್ಲಿನಂತೆ ಬೆಳೆಯುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿ ಏರುತ್ತವೆ. ಕುಸಿಯುವ ಅಗ್ನಿಪರ್ವತದ ಅಂಚಿನಲ್ಲಿ ಹವಳ ಮೇಲೆ ಮೇಲೆ ಕಟ್ಟುತ್ತ ಹೋಗಿ ಉಂಗುರದಂಥ ದ್ವೀಪಗಳಾದುವೆಂದು ಡಾರ್ವಿನ್ನನು ೧೮೪೨ರಲ್ಲಿ ಬರೆದನು. ೧೯೫೨ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದಲ್ಲಿ ಕೊರೆದಾಗ ಸುಮಾರು ೧,೪೦೦ ಮೀಟರು ಸುಣ್ಣದ ಪದರಗಳನ್ನು ದಾಟಿದ ಮೇಲಷ್ಟೆ ಅಗ್ನಿಶಿಲೆ ದೊರೆಯಿತು!

ಇಷ್ಟು ದೊಡ್ಡ ಕಟ್ಟಡಕ್ಕೆ ಬೇಕಾದ ಶಕ್ತಿ ಹವಳಕ್ಕೆ ಒಬ್ಬಂಟಿಯಾಗಿ ಒದಗುವುದಿಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯ ಕಣಗಳು ವಾಸವಾಗಿವೆ. ಅವು ಬಿಸಿಲನ್ನುಂಡು ಸಕ್ಕರೆ ತಯಾರಿಸಿ ಮನೆಯೊಡೆಯನಿಗೆ ಕೊಡುತ್ತವೆ; ಹವಳದ ಶಕ್ತಿಯಲ್ಲಿ ಶೇಕಡಾ ೯೦ರಷ್ಟು ಈ ದಾರಿಯಿಂದ ಬರಬಲ್ಲುದು. ಪ್ರತಿಯಾಗಿ ಪಾಚಿಗೆ ಆಶ್ರಯವೂ ಹವಳದ ಮೈಯಿಂದ ಹೊರಬೀಳುವ ಸಾರಜನಕವೂ ಲಭಿಸುತ್ತವೆ. ದಾಸೋಹವೆನ್ನುವವರು ಎನ್ನಲಿ, ಆದರೆ ಇದು ಲೆಕ್ಕ ತಪ್ಪದ ಕೊಡುಕೊಳೆ, ಲೆಕ್ಕ ತಪ್ಪಿದಾಗ ಮುರಿದುಬೀಳುವಂಥದು.

ಅದು ಮುರಿಯಲು ಬಹಳ ಬಿಸಿ ಬೇಕಾಗಿಲ್ಲ. ವರ್ಷದ ಅತಿ ಬೆಚ್ಚನೆಯ ತಿಂಗಳಿಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಶಾಖ ಕೆಲವು ವಾರ ನಿಂತರೆ ಸಾಕು. ಪಾಚಿಯ ಒಳಗಿನ ದ್ಯುತಿಸಂಶ್ಲೇಷಣೆಯ ವ್ಯವಸ್ಥೆ ಕೆಟ್ಟು, ಆಮ್ಲಜನಕದ ಉಗ್ರರೂಪಗಳು ಹುಟ್ಟಿ, ಉಣಿಸುತ್ತಿದ್ದ ಅತಿಥಿಯೇ ವಿಷವಾಗುತ್ತಾನೆ. ಹವಳ ಅವನನ್ನು ಹೊರದೂಡುತ್ತದೆ. ಬಣ್ಣ ಬಹುಪಾಲು ಪಾಚಿಯದೇ ಆದುದರಿಂದ ಪಾರದರ್ಶಕ ಚರ್ಮದಡಿಯಲ್ಲಿ ಸುಣ್ಣದ ಎಲುಬು ಬಿಳಿಯಾಗಿ ಕಾಣುತ್ತದೆ. ಇದನ್ನು ಸಾವೆಂದು ಬರೆಯುವವರು ಅವಸರಪಡುತ್ತಾರೆ. ಬಿಳುಪೇರಿದ ಹವಳ ಸತ್ತಿಲ್ಲ, ಹಸಿದಿದೆ. ನೀರು ಬೇಗ ತಣಿದರೆ ಪಾಚಿ ಮರಳಿ ನೆಲಸುತ್ತದೆ. ತಣಿಯದಿದ್ದರೆ ಹಸಿವೇ ಅದನ್ನು ಕೊಲ್ಲುತ್ತದೆ.

ಈ ಮಾತು ದೂರದೇಶದ್ದಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ಲಕ್ಷದ್ವೀಪದ ಹವಳಗಳು ೧೯೯೮, ೨೦೧೦, ೨೦೧೬ ಹಾಗೂ ೨೦೨೪ರಲ್ಲಿ ಬಿಳುಪೇರಿದುವು. ೧೯೯೮ರಿಂದ ೨೦೨೨ರವರೆಗೆ ಅಲ್ಲಿ ಜೀವಂತ ಹವಳದ ಹೊದಿಕೆ ಹತ್ತಿರಹತ್ತಿರ ಅರ್ಧಕ್ಕಿಳಿಯಿತೆಂದು ಸಂಶೋಧಕರು ಅಳೆದು ಹೇಳಿದ್ದಾರೆ. ಚೇತರಿಸಿಕೊಳ್ಳುವ ಗುಣ ಹವಳಕ್ಕೆ ಇಲ್ಲವೆಂದಲ್ಲ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಸಾಲದು.

ಬಿಸಿ ತಾಳುವ ತಳಿಗಳನ್ನು ತೊಟ್ಟಿಯಲ್ಲಿ ಬೆಳೆಸಿ ದಿಬ್ಬದ ಮೇಲೆ ನೆಡುವ ಪ್ರಯೋಗಗಳು ಈಗ ಹಲವು ದೇಶಗಳಲ್ಲಿ ನಡೆದಿವೆ. ಅವನ್ನು ಹಳಿಯುವುದು ತರವಲ್ಲ. ಕೆಲವು ಪಾಚಿಗಳು ಶಾಖವನ್ನು ಹೆಚ್ಚು ಸೈರಿಸುವುದೂ ನಿಜ. ಆದರೆ ಅವು ಮನೆಯೊಡೆಯನಿಗೆ ಕೊಡುವ ಪಾಲು ಸಾಮಾನ್ಯವಾಗಿ ಕಡಿಮೆ, ಹವಳದ ಬೆಳವಣಿಗೆ ಮಂದ. ನೆಟ್ಟ ಸಸಿಗೂ ಅದೇ ಕಾದ ನೀರು ತಾನೆ? ಮೀಟರುಗಟ್ಟಲೆ ನೆಟ್ಟ ಲೆಕ್ಕವನ್ನು ಸಮಾರಂಭದಲ್ಲಿ ಓದಿ, ಕಲ್ಲಿದ್ದಲ ಹೊಗೆಯ ಲೆಕ್ಕವನ್ನು ಮರೆಯುವುದು ಆತ್ಮವಂಚನೆ. ಭಾರತ ೨೦೦೧ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿತು. ಹವಳ ಮುರಿಯುವ ಕೈಯನ್ನು ಆ ಕಾಯಿದೆ ಹಿಡಿಯಬಲ್ಲುದು; ನೀರನ್ನು ಕಾಯಿಸುವ ಕೈ ಸಾವಿರಾರು ಮೈಲಿ ದೂರದ ಊರುಗಳಲ್ಲಿದೆ, ಒಳನಾಡಿನ ಪಟ್ಟಣಗಳಲ್ಲಿಯೂ ಇದೆ.

ದ್ವೀಪವಾಸಿಗಳ ಪಾಲಿಗೆ ಇದು ಸೌಂದರ್ಯದ ಪ್ರಶ್ನೆಯಲ್ಲ. ಅವರ ನೆಲ ಕಡಲಿಗಿಂತ ಒಂದೆರಡು ಮೀಟರು ಮಾತ್ರ ಎತ್ತರ. ಅಬ್ಬರದ ಮುಂಗಾರಿನ ಅಲೆಯನ್ನು ಮೊದಲು ತಡೆಯುವುದು ದಿಬ್ಬದ ಅಂಚು. ಅವರು ಕುಡಿಯುವ ಬಾವಿಯ ನೀರು ಹವಳದ ಮರಳಿನೊಳಗೆ ಉಪ್ಪುನೀರಿನ ಮೇಲೆ ತೇಲುವ ಮಳೆನೀರಿನ ತೆಳುಪದರ. ಗಾಳದಿಂದ ಚೂರೆ ಮೀನು ಹಿಡಿಯುವ ದೋಣಿಗಳಿಗೆ ಬೇಕಾದ ಸಣ್ಣ ಜೀವಂತ ಮೀನುಗಳನ್ನು ದಿಬ್ಬದೊಳಗಿನ ತಿಳಿನೀರಿನಲ್ಲಿಯೇ ಮುಂಜಾನೆ ಬಲೆ ಬೀಸಿ ಹಿಡಿಯುತ್ತಾರೆ. ಆ ಮರಿಮೀನುಗಳಲ್ಲಿ ಅನೇಕವು ಅಡಗಿ ಬೆಳೆಯುವುದು ಹವಳದ ಕೊಂಬೆಗಳ ಸಂದಿನಲ್ಲಿ. ಕೊಂಬೆ ಸತ್ತು ಅಲೆಗೆ ಮುರಿದು ಪುಡಿಯಾದ ಕಡೆ ಅವು ಸಿಗುವುದಿಲ್ಲ.