ಮ್ಯಾಚ್ ಆಯ್ತು ಅಂದ್ರೆ ಮುಗೀತಾ?

ಈ ಸೆಮಿಸ್ಟರ್‌ನ ಡಿಬಿಎಂಎಸ್ ಮಿನಿ ಪ್ರಾಜೆಕ್ಟಿಗೆ ನಾವು ಮೂವರು ಹಿಡಿದ ವಿಷಯ ವಂಶವೃಕ್ಷ. ಐರ್ಲೆಂಡಿನ ಜನನ ದಾಖಲೆಗಳನ್ನೇ ಆರಿಸಿಕೊಂಡಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ನೂರು ವರ್ಷ ದಾಟಿದ ಜನನ ರಿಜಿಸ್ಟರ್‌ಗಳನ್ನ ಅಲ್ಲಿನ ಸರ್ಕಾರ ಆನ್‌ಲೈನಿನಲ್ಲಿ ಪುಕ್ಕಟೆ ಇಟ್ಟಿದೆ, ಅಷ್ಟೇ. ಹೆಸರು ಹುಡುಕೋ ಕ್ವೆರಿ ಎರಡೇ ದಿನಕ್ಕೆ ರೆಡಿಯಾಯ್ತು. ಸಿಕ್ಕ ಉತ್ತರ ಸರಿ ಅಂತ ಹೇಳೋ ಧೈರ್ಯ ಮಾತ್ರ ಇವತ್ತಿಗೂ ಬಂದಿಲ್ಲ.

ಇದು ಬರೀ ಹವ್ಯಾಸದ ಮಾತಲ್ಲ. 1845ರಿಂದ 1852ರವರೆಗಿನ ಆಲೂಗಡ್ಡೆ ಕ್ಷಾಮದಲ್ಲಿ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಅವರ ಮರಿಮಕ್ಕಳು ಇವತ್ತು ಅಮೆರಿಕ, ಆಸ್ಟ್ರೇಲಿಯಾದಲ್ಲಿ ಕೂತು ತಮ್ಮ ಊರು ಯಾವುದಿತ್ತು ಅಂತ ಹುಡುಕ್ತಿದಾರೆ. ಅಜ್ಜ ಅಥವಾ ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದ್ದು ಸಾಬೀತಾದರೆ ಆ ದೇಶದ ಪೌರತ್ವಕ್ಕೂ ಅರ್ಜಿ ಹಾಕಬಹುದು. ತಪ್ಪು ಪ್ಯಾಟ್ರಿಕ್ ಮರ್ಫಿಯನ್ನ ಅಜ್ಜ ಅಂದುಕೊಂಡರೆ ಇಡೀ ಮರವೇ ಬೇರೆಯವರದ್ದಾಗುತ್ತೆ.

ಅಲ್ಲಿ ಎಲ್ಲ ಜನನಗಳ ಸರ್ಕಾರಿ ನೋಂದಣಿ ಶುರುವಾಗಿದ್ದು 1864ರ ಜನವರಿ 1ಕ್ಕೆ. ಅದಕ್ಕೂ ಹಿಂದೆ ಹೋಗಬೇಕಂದ್ರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳೇ ಗತಿ. ಜನಗಣತಿ ಇಲ್ವಾ ಅಂತೀರಾ? 1861, 1871ರ ಹಾಳೆಗಳನ್ನ ಸರ್ಕಾರವೇ ನಾಶ ಮಾಡಿಸಿತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಹಳೆಯ ಗಣತಿಗಳ ಬಹುಪಾಲು 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್‌ನ ದಾಖಲೆ ಕಚೇರಿಯೊಂದಿಗೆ ಸುಟ್ಟುಹೋಯ್ತು.

ಸರಿ, 1864ರ ಆಮೇಲಿನದ್ದಾದ್ರೂ ನಂಬಬಹುದಾ? ಕೆಲವು ಮಕ್ಕಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಆದ ತಾರೀಖು ಸರ್ಕಾರಿ ಪುಸ್ತಕದಲ್ಲಿರೋ ಹುಟ್ಟಿದ ತಾರೀಖಿಗಿಂತ ಮೊದಲೇ ಇರುತ್ತೆ! ನಮ್ಮ ಕೋಡಲ್ಲೇ ಬಗ್ ಇದೆ ಅಂದುಕೊಂಡು ಒಂದು ರಾತ್ರಿ ಕಳೆದ್ವಿ. ಬಗ್ ಇದ್ದದ್ದು ಮನುಷ್ಯರಲ್ಲಿ. ನೋಂದಣಿಗೆ ಗಡುವಿತ್ತು, ಮೀರಿದರೆ ದಂಡ. ತಡವಾಗಿ ಬಂದ ಅಪ್ಪ ಮಗುವಿನ ಹುಟ್ಟನ್ನೇ ಕೆಲವು ವಾರ ಮುಂದಕ್ಕೆ ತಳ್ಳಿಬಿಡುತ್ತಿದ್ದ.

ವೃದ್ಧಾಪ್ಯ ಪಿಂಚಣಿಯ ಕಥೆ ಇನ್ನೂ ಚೆನ್ನಾಗಿದೆ. 1908ರ ಕಾಯಿದೆ ಪ್ರಕಾರ 70 ತುಂಬಿದ ಬಡವರಿಗೆ ಪಿಂಚಣಿ. ಆದರೆ ಆಗ 70 ಆದವರಿಗೆ ಜನನ ಪತ್ರ ಎಲ್ಲಿಂದ ಬರಬೇಕು? ಹಾಗಾಗಿ 1901ರ ಮತ್ತು 1911ರ ಜನಗಣತಿಗಳ ನಡುವೆ ಎಷ್ಟೋ ಜನರಿಗೆ ಹತ್ತಕ್ಕಿಂತ ಜಾಸ್ತಿ ವಯಸ್ಸಾಗಿದೆ. ನಗಬೇಡಿ, ಮೇಷ್ಟ್ರು ಬರೆದುಕೊಂಡ ಜೂನ್ 1 ನಮ್ಮ ಮನೆಗಳಲ್ಲೂ ಇದೆ. ತಮಾಷೆ ಏನಂದ್ರೆ, ವಯಸ್ಸು ಸಾಬೀತು ಮಾಡೋಕೆ ಅವರು 1841, 1851ರ ಗಣತಿಯಲ್ಲಿ ತಮ್ಮ ಹೆಸರು ಹುಡುಕಿಸಿ ಅರ್ಜಿ ಹಾಕಿದ್ರು. ಗಣತಿ ಸುಟ್ಟಿತು, ಅರ್ಜಿಗಳು ಉಳಿದವು. ಎಷ್ಟೋ ಕುಟುಂಬಗಳಿಗೆ ಈಗ ಅದೇ ಆಸರೆ.

ಹೆಸರಿನದ್ದು ಇನ್ನೊಂದು ಗೋಳು. ಓದುಬರಹ ಬಾರದ ಅಪ್ಪ ಹೇಳಿದ್ದನ್ನ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದ. ಒಂದೇ ಮನೆಯವರು ಒಂದು ಕಡೆ ಬ್ರಯನ್, ಇನ್ನೊಂದು ಕಡೆ ಓ'ಬ್ರಯನ್. ಇದಕ್ಕೆ ನಾವು ಸೌಂಡೆಕ್ಸ್ ಹಾಕಿದ್ವಿ. ಅದು ಮೊದಲ ಅಕ್ಷರವನ್ನ ಹಾಗೇ ಇಟ್ಟು ಮಿಕ್ಕ ವ್ಯಂಜನಗಳನ್ನ ಅಂಕಿ ಮಾಡುತ್ತೆ. ಒಬ್ಬನಿಗೆ ಬಿ650, ಇನ್ನೊಬ್ಬನಿಗೆ ಓ165. ಅಣ್ಣತಮ್ಮಂದಿರು ಅಪರಿಚಿತರಾದ್ರು!

ಹಾಗಂತ ದಾಖಲೆ ಎಲ್ಲ ಸುಳ್ಳು ಅಂತ ಕೈಚೆಲ್ಲೋದು ಸೋಮಾರಿತನ. ನನ್ನ ವಾದ ಇಷ್ಟೇ: ದಾಖಲೆ ಅಂದ್ರೆ ಸತ್ಯ ಅಲ್ಲ, ಯಾರೋ ಒಬ್ಬರು, ಯಾವುದೋ ಕಾರಣಕ್ಕೆ, ಒಬ್ಬ ಗುಮಾಸ್ತನ ಮುಂದೆ ಕೊಟ್ಟ ಹೇಳಿಕೆ. ಒಂದು ಹೇಳಿಕೆ ಸಾಲದು. ಜನನ ಪತ್ರದಲ್ಲಿ ತಾಯಿಯ ತವರಿನ ಮನೆತನದ ಹೆಸರಿರುತ್ತೆ, ಹುಟ್ಟಿದ ಹಳ್ಳಿ ಇರುತ್ತೆ. ಅವೆರಡೂ ಚರ್ಚಿನ ಪುಸ್ತಕಕ್ಕೂ ಜನಗಣತಿಗೂ ತಾಳೆಯಾದ್ರೆ ಮಾತ್ರ ಮರಕ್ಕೆ ಆ ಕೊಂಬೆ ಸೇರಿಸಿ. ಯಾರೋ ಆನ್‌ಲೈನಿನಲ್ಲಿ ಹಾಕಿದ ಮರವನ್ನ ಕಾಪಿ ಹೊಡೆಯೋದು ಲ್ಯಾಬ್ ರೆಕಾರ್ಡ್ ಕಾಪಿ ಹೊಡೆದಷ್ಟೇ ಸುಲಭ, ಅಷ್ಟೇ ಅಪಾಯ: ಒಬ್ಬನ ತಪ್ಪು ಇಡೀ ಬ್ಯಾಚಿನ ತಪ್ಪು.

ವೈವಾದಲ್ಲಿ ಮೇಡಂ ಕೇಳಿದ್ರು, "ಅಕ್ಯುರಸಿ ಎಷ್ಟಪ್ಪಾ?" ಗೊತ್ತಿಲ್ಲ ಮೇಡಂ ಅಂದೆ. ಎರಡು ಮಾರ್ಕ್ಸ್ ಹೋಯ್ತು. ಆದ್ರೂ ಇಡೀ ಪ್ರಾಜೆಕ್ಟಿನಲ್ಲಿ ನಾನು ಕೊಟ್ಟ ಅತ್ಯಂತ ಪ್ರಾಮಾಣಿಕ ಉತ್ತರ ಅದೇ.