ಬೀಳದವರಿಗೇ ಪೆಟ್ಟು ಹೆಚ್ಚು

1973ರ ಮಾರ್ಚ್ 31ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ನಡೆದ ಬಾಕ್ಸಿಂಗ್ ಪಂದ್ಯದಲ್ಲಿ ಕೆನ್ ನಾರ್ಟನ್ ಗುದ್ದಿಗೆ ಮೊಹಮ್ಮದ್ ಅಲಿ ಅವರ ದವಡೆ ಮುರಿಯಿತು. ಮುರಿದದ್ದು ಎರಡನೇ ಸುತ್ತಿನಲ್ಲೋ, ಕೊನೆಕೊನೆಗೋ ಎಂದು ಎರಡೂ ಕಡೆಯವರು ವರ್ಷಗಟ್ಟಲೆ ಜಗಳವಾಡಿದರು. ಆದರೆ ಅಲಿ ಬೀಳಲಿಲ್ಲ ಎಂಬುದರಲ್ಲಿ ಯಾರದೂ ತಕರಾರಿಲ್ಲ. ಮುರಿದ ದವಡೆಯಲ್ಲೇ 12 ಸುತ್ತು ಮುಗಿಸಿ, ಅಂಕಗಳಲ್ಲಿ ಸೋತು, ರಿಂಗ್‌ನಿಂದ ನಡೆದುಕೊಂಡೇ ಇಳಿದರು.

ಪೆಟ್ಟು ತಡೆದುಕೊಳ್ಳುವ ತಾಕತ್ತಿಗೆ ಬಾಕ್ಸಿಂಗ್ ಮಂದಿ 'ಚಿನ್' ಎನ್ನುತ್ತಾರೆ. ಒಬ್ಬನದು ಗಟ್ಟಿ ಗದ್ದ, ಇನ್ನೊಬ್ಬನದು ಗಾಜಿನ ಗದ್ದ. ಆ ತಾಕತ್ತು ನಿಜಕ್ಕೂ ಮೂಳೆಯಲ್ಲಿದ್ದಿದ್ದರೆ ಆ ದಿನ ಅಲಿ ನೆಲ ಕಚ್ಚಬೇಕಿತ್ತು. ಗದ್ದ ಬರೀ ಹಿಡಿಕೆ. ಅಲ್ಲಿಗೆ ಬಿದ್ದ ಹೊಡೆತ ಇಡೀ ತಲೆಯನ್ನು ಥಟ್ಟನೆ ತಿರುಗಿಸುತ್ತದೆ. ನೀರು ತುಂಬಿದ ಚೆಂಬನ್ನು ಹಿಡಿದು ಒಮ್ಮೆ ರಪ್ಪನೆ ತಿರುಗಿಸಿ ನೋಡಿ: ಚೆಂಬು ತಿರುಗುತ್ತದೆ, ಒಳಗಿನ ನೀರು ಹಿಂದೆಯೇ ಉಳಿಯುತ್ತದೆ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಸುಮಾರು 1.4 ಕೆ.ಜಿ. ತೂಕದ ಮಿದುಳಿನ ಪಾಡೂ ಹೆಚ್ಚುಕಡಿಮೆ ಇದೇ. ಬುರುಡೆ ತಿರುಗಿದಷ್ಟು ಬೇಗ ಅದು ತಿರುಗಲಾರದು. ಆ ಎಳೆದಾಟದಲ್ಲಿ ನರಕೋಶಗಳ ಸಣ್ಣ ಎಳೆಗಳು ಜಗ್ಗಿ ಹೋಗುತ್ತವೆ. ಮಿದುಳು ಕ್ಷಣಕಾಲ ಕೆಲಸ ನಿಲ್ಲಿಸಿತೆಂದರೆ ಅದೇ ನಾಕೌಟ್. ನಿಧಾನಗತಿಯ ದೃಶ್ಯಗಳಲ್ಲಿ ಗಮನಿಸಿ: ಗದ್ದಕ್ಕೆ ಪಕ್ಕದಿಂದ ಬೀಸಿದ ಹುಕ್ ಬಿದ್ದಾಗ ಮೊದಲು ಕೈಕೊಡುವುದು ಕಾಲು. 'ಜಂಘಾಬಲ ಉಡುಗಿತು' ಎಂಬ ನಮ್ಮ ಮಾತನ್ನು ಅಕ್ಷರಶಃ ಕಾಣಬೇಕಿದ್ದರೆ ಅಲ್ಲಿ ಕಾಣಬಹುದು.

ಹಾಗಾದರೆ ಕೆಲವರು ಏಕೆ ಬೀಳುವುದಿಲ್ಲ? ದಪ್ಪ ಕುತ್ತಿಗೆ, ಬಿಗಿದ ಭುಜ, ಹಲ್ಲಿನ ಗಾರ್ಡ್ ಕಚ್ಚಿ ಮುಚ್ಚಿದ ಬಾಯಿ ತಲೆ ತಿರುಗುವ ವೇಗವನ್ನು ಒಂದಿಷ್ಟು ತಗ್ಗಿಸುತ್ತವೆ. ಹುಟ್ಟಿನಿಂದ ಬಂದದ್ದೂ ಸ್ವಲ್ಪ ಇರಬಹುದು. ಇವೆಲ್ಲಕ್ಕಿಂತ ದೊಡ್ಡದು ಕಣ್ಣು. ಬರುತ್ತಿರುವ ಹೊಡೆತ ಕಂಡರೆ ಮೈ ತಾನಾಗಿ ಸಜ್ಜಾಗುತ್ತದೆ. ಕೂದಲೆಳೆಯಷ್ಟು ಹೊತ್ತು ಸಿಕ್ಕರೂ ತಲೆ ಹೊಡೆತದ ದಿಕ್ಕಿಗೇ ಸರಿದು ಅರ್ಧ ಬಲ ಇಳಿಸಿಬಿಡುತ್ತದೆ. ಮಲಗಿಸುವುದು ಕಾಣದೆ ಬಂದ ಪೆಟ್ಟು ಎಂದು ಯಾವ ತರಬೇತುದಾರರನ್ನು ಕೇಳಿದರೂ ಹೇಳುತ್ತಾರೆ. ಅಂದರೆ ಗಟ್ಟಿ ಗದ್ದ ಎಂದು ನಾವು ಹೊಗಳುವುದರಲ್ಲಿ ಬಹುಪಾಲು ಪೆಟ್ಟನ್ನು ಪೂರ್ತಿಯಾಗಿ ತಿನ್ನದಿರುವ ಜಾಣ್ಮೆ.

ತಕರಾರು ಇರುವುದು ಈ ಜಾಣ್ಮೆಯ ಬಗ್ಗೆ ಅಲ್ಲ, ಪೂರ್ತಿ ಪೆಟ್ಟು ತಿಂದೂ ಬೀಳದವರಿಗೆ ಹೊಡೆಯುವ ಚಪ್ಪಾಳೆಯ ಬಗ್ಗೆ.

ಹಳೆಯ ಮನೆಗಳಲ್ಲಿ ಪದೇ ಪದೇ ಫ್ಯೂಸ್ ಹೋಗುತ್ತದೆಂದು ಬೇಸತ್ತು ದಪ್ಪ ತಾಮ್ರದ ತಂತಿ ಸುತ್ತುವವರನ್ನು ನೋಡಿದ್ದೇವೆ. ಆಮೇಲೆ ದೀಪ ಆರುವುದೇ ಇಲ್ಲ. ಗೋಡೆಯೊಳಗಿನ ವೈರು ಸುಡುತ್ತದೆ. ನಾಕೌಟ್ ಕೆಟ್ಟದ್ದೇ, ಆದರೆ ಅದು ಪಂದ್ಯವನ್ನು ನಿಲ್ಲಿಸುತ್ತದೆ. ಬಿದ್ದವನನ್ನು ವೈದ್ಯರು ನೋಡುತ್ತಾರೆ, ಮತ್ತೆ ರಿಂಗ್ ಹತ್ತದಂತೆ ಒಂದಷ್ಟು ದಿನ ತಡೆಯುತ್ತಾರೆ. ಬೀಳದ ಗಟ್ಟಿ ಪಿಂಡಕ್ಕೆ ಇದಾವುದೂ ಇಲ್ಲ. 12 ಸುತ್ತಿನಲ್ಲಿ ನೂರಾರು ಪೆಟ್ಟು ತಿಂದು ನಿಂತೇ ಗೆದ್ದವನು ಮುಂದಿನ ವಾರ ಅಭ್ಯಾಸಕ್ಕಿಳಿದು ಅಲ್ಲೂ ತಿನ್ನುತ್ತಾನೆ.

ಇದು ಹೊಸ ಸಂಗತಿಯೇನಲ್ಲ. ಅಮೆರಿಕದ ನ್ಯೂವಾರ್ಕ್‌ನ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. ಕುಡಿಯದೆಯೂ ತೂರಾಡುವ, ತೊದಲುವ ಬಾಕ್ಸರ್‌ಗಳಿಗೆ ಜನ ಇಟ್ಟಿದ್ದ 'ಪಂಚ್ ಡ್ರಂಕ್' ಎಂಬ ಹೆಸರನ್ನೇ ಲೇಖನಕ್ಕೂ ಇಟ್ಟರು. ಅವರು ಬೊಟ್ಟು ಮಾಡಿದ್ದು ಚುರುಕಾಗಿ ತಪ್ಪಿಸಿಕೊಳ್ಳುವವರ ಕಡೆಗಲ್ಲ. ಒಂದು ಹೊಡೆತ ಕೊಡಲು ಹತ್ತು ಹೊಡೆತ ತಿನ್ನಲು ಸಿದ್ಧರಿರುವವರ ಕಡೆಗೆ.

ಅಲಿ ಮೊದಲ ಗುಂಪಿನಲ್ಲಿ ಶುರು ಮಾಡಿ ಎರಡನೆಯದರಲ್ಲಿ ಮುಗಿಸಿದರು. ಅರವತ್ತರ ದಶಕದ ಅಲಿಯನ್ನು ಮುಟ್ಟುವುದೇ ಕಷ್ಟವಿತ್ತು. ಸೇನೆಗೆ ಸೇರಲು ನಿರಾಕರಿಸಿ ಮೂರೂವರೆ ವರ್ಷ ರಿಂಗ್‌ನಿಂದ ಹೊರಗುಳಿದು ಮರಳಿದಾಗ ಕಾಲಿನ ಚುರುಕು ಇಳಿದಿತ್ತು, ಆಗಲೇ ಅವರಿಗೆ ತಮ್ಮ ಇನ್ನೊಂದು ವರ ಗೊತ್ತಾದದ್ದು. 1974ರಲ್ಲಿ ಕಿನ್ಷಾಸಾದಲ್ಲಿ ಹಗ್ಗಕ್ಕೆ ಒರಗಿ ನಿಂತು ಜಾರ್ಜ್ ಫೋರ್‌ಮನ್ ಸುಸ್ತಾಗುವವರೆಗೂ ಗುದ್ದಿಸಿಕೊಂಡರು. ಎಂಟನೇ ಸುತ್ತಿನಲ್ಲಿ ಕೆಡವಿದರು. ಜಗತ್ತು ಅದನ್ನು ತಂತ್ರದ ಪರಾಕಾಷ್ಠೆ ಎಂದಿತು. ನಾನೂ ಆ ಪಂದ್ಯವನ್ನು ಎಷ್ಟೋ ಸಲ ನೋಡಿ ಮೈಮರೆತಿದ್ದೇನೆ, ಸುಳ್ಳು ಹೇಳಲಾರೆ. ಆದರೆ ಆ ತಂತ್ರದ ತಾಲೀಮು ಅಭ್ಯಾಸದ ರಿಂಗ್‌ನಲ್ಲೂ ನಡೆದಿತ್ತು. ಜೊತೆಗಾರರಿಂದ ಬೇಕೆಂದೇ ಹೊಡೆಸಿಕೊಳ್ಳುತ್ತಿದ್ದರು. ಅದರ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ.

1977ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎದುರಿಗಿದ್ದದ್ದು ಅರ್ನಿ ಶೇವರ್ಸ್, ಆ ಕಾಲದ ಅತಿ ಭಾರಿ ಹೊಡೆತಗಾರರಲ್ಲಿ ಒಬ್ಬರು. ಎರಡನೇ ಸುತ್ತಿನಲ್ಲೇ ಅಲಿ ತತ್ತರಿಸಿದರು, ನಾಟಕ ಮಾಡುತ್ತಿರುವವರಂತೆ ನಟಿಸಿ ಪಾರಾದರು. 15 ಸುತ್ತು ನಿಂತರು, ಗೆದ್ದರು. ಆ ಪಂದ್ಯದ ಬಳಿಕ ಅವರ ವೈದ್ಯ ಫರ್ಡಿ ಪಚೆಕೊ ಮೂತ್ರಪಿಂಡಗಳು ಹಾಳಾಗುತ್ತಿವೆ ಎಂಬ ಪರೀಕ್ಷಾ ವರದಿಯನ್ನು ಅಲಿಗೂ, ಅವರ ಪತ್ನಿಗೂ, ವ್ಯವಸ್ಥಾಪಕರಿಗೂ ಕಳಿಸಿದರು. ಯಾರಿಂದಲೂ ಉತ್ತರ ಬರಲಿಲ್ಲ. ಪಚೆಕೊ ಬಿಟ್ಟು ಹೋದರು. ಅಲಿ ಬಿಡಲಿಲ್ಲ: 1980ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ಹತ್ತು ಸುತ್ತು ಬರೀ ಪೆಟ್ಟು ತಿಂದರು. ಅಲ್ಲೂ ಬೀಳಲಿಲ್ಲ, ತರಬೇತುದಾರ ಆ್ಯಂಜೆಲೊ ಡಂಡಿಯೇ ಪಂದ್ಯ ನಿಲ್ಲಿಸಬೇಕಾಯಿತು. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಗುರುತಾದವು. ಕಾಯಿಲೆಗೆ ಪೆಟ್ಟೇ ಕಾರಣವೋ ಅಲ್ಲವೋ ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಆ ಹೊಡೆತಗಳಿಂದ ಒಳ್ಳೆಯದಾಯಿತು ಎಂದವರಂತೂ ಯಾರೂ ಇಲ್ಲ.

ಅಲಿಯಷ್ಟು ಹೆಸರಿಲ್ಲದ ಜೆರ್‍ರಿ ಕ್ವಾರಿ ಕಥೆ ಇನ್ನೂ ಕರಾಳ. ಅಲಿ, ಅವರ ಎದುರಾಳಿ ಜೋ ಫ್ರೇಜಿಯರ್ ಇಬ್ಬರೊಂದಿಗೂ ಎರಡೆರಡು ಸಲ ಸೆಣಸಿದವರು ಐವತ್ತು ದಾಟುವ ಹೊತ್ತಿಗೆ ಮನೆಯವರು ಉಣಿಸಿ ಉಡಿಸಬೇಕಾದ ಸ್ಥಿತಿಗೆ ಬಂದು, 1999ರಲ್ಲಿ 53ನೇ ವಯಸ್ಸಿಗೆ ತೀರಿಕೊಂಡರು. ಎಲ್ಲರಿಗೂ ಹೀಗೇ ಆಗುತ್ತದೆ ಎಂದೇನಲ್ಲ. ಹೊಡೆತ ತಿನ್ನುವುದಕ್ಕೇ ಹೆಸರಾಗಿದ್ದ ಜೇಕ್ ಲಮೋಟಾ 95 ವರ್ಷ ಬದುಕಿದರು. ಹಾಗೆಂದು ಅವರ ಉದಾಹರಣೆ ಕೊಟ್ಟು ಬಾಕ್ಸಿಂಗನ್ನು ಸಮರ್ಥಿಸುವುದು, ನಮ್ಮ ತಾತ ದಿನಕ್ಕೆ ಒಂದು ಕಟ್ಟು ಬೀಡಿ ಸೇದಿ ತೊಂಬತ್ತು ದಾಟಿದರು ಎಂದಂತೆ.

ನಿಯಮಗಳು ಬದಲಾದದ್ದು ಸಾವುಗಳಾದ ಮೇಲೆಯೇ. 1982ರ ನವೆಂಬರ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ, ರೇ ಮ್ಯಾನ್ಸಿನಿ ಎದುರು ಸುತ್ತಿನ ಮೇಲೆ ಸುತ್ತು ಹೊಡೆಸಿಕೊಂಡೂ ನಿಂತು, 14ನೇ ಸುತ್ತಿನಲ್ಲಿ ಉರುಳಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಸುತ್ತುಗಳನ್ನು 15ರಿಂದ 12ಕ್ಕೆ ಇಳಿಸಿತು, ಉಳಿದ ಸಂಸ್ಥೆಗಳೂ ಆ ದಶಕದಲ್ಲೇ ಹಿಂಬಾಲಿಸಿದವು. ಇನ್ನು ಗ್ಲೌಸ್ ಮತ್ತು ಹೆಡ್‌ಗಾರ್ಡ್: ಗ್ಲೌಸ್ ಮುಖ್ಯವಾಗಿ ಕಾಯುವುದು ಹೊಡೆಯುವವನ ಬೆರಳನ್ನು. ಹೆಡ್‌ಗಾರ್ಡ್ ಗಾಯ, ಕೊಯ್ತ ತಡೆಯುತ್ತದೆಯೇ ಹೊರತು ತಲೆ ತಿರುಗುವುದನ್ನಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು ಅದಿಲ್ಲದೆಯೇ ಆಡಿದರು.

ನಿಜವಾಗಿ ಕಾಯುವುದು ಮೂಲೆಯಲ್ಲಿ ಕೂತವರ ವಿವೇಕ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಅಲಿ ಎದುರು 14 ಸುತ್ತು ಮುಗಿದಾಗ ಜೋ ಫ್ರೇಜಿಯರ್ ಕಣ್ಣು ಊದಿ ಮುಚ್ಚಿಹೋಗಿತ್ತು. ಮೇಲೆ ಹೇಳಿದ ಲೆಕ್ಕದಲ್ಲಿ ಇದರ ಅರ್ಥವೇನು? ಇನ್ನು ಬರುವುದೆಲ್ಲ ಕಾಣದ ಪೆಟ್ಟು. ಉಳಿದದ್ದು ಒಂದೇ ಸುತ್ತು. ಫ್ರೇಜಿಯರ್ ಹೋಗುತ್ತೇನೆಂದು ಹಟ ಹಿಡಿದರು. ತರಬೇತುದಾರ ಎಡ್ಡಿ ಫಚ್ ಕೂರಿಸಿದರು. ಬಾಕ್ಸಿಂಗ್ ಇತಿಹಾಸದ ಅತ್ಯುತ್ತಮ ತೀರ್ಮಾನ ಅದು ಎಂದು ನನ್ನ ಎಣಿಕೆ, ಅದರಿಂದ ಫ್ರೇಜಿಯರ್ ಸೋತರೂ ಸಹ.

ಅಂಥ ವಿವೇಕ ನಮ್ಮಲ್ಲಿ ಎಷ್ಟಿದೆ? 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮುಖಕ್ಕೆ ಪೆಟ್ಟು ಬಿದ್ದು ಕುಸಿದ ಮೈಸೂರಿನ ತರುಣ ಬದುಕಲಿಲ್ಲ. ಸ್ಥಳದಲ್ಲಿ ತುರ್ತು ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲ ಎಂದು ಮನೆಯವರು ದೂರಿದರು, ಪೊಲೀಸ್ ಪ್ರಕರಣವೂ ದಾಖಲಾಯಿತು. ಹೊಡೆದಾಟದ ಯಾವುದೇ ಪಂದ್ಯಕ್ಕೆ ಅನುಮತಿ ಕೊಡುವವರು ಮೂರು ಷರತ್ತು ಹಾಕಲಿ: ರಿಂಗ್ ಪಕ್ಕದಲ್ಲಿ ಆಂಬುಲೆನ್ಸ್ ಇರಬೇಕು, ಪಂದ್ಯ ನಿಲ್ಲಿಸುವ ಅಧಿಕಾರವುಳ್ಳ ವೈದ್ಯರು ಇರಬೇಕು, ತಲೆಗೆ ಹೆಚ್ಚು ಪೆಟ್ಟು ತಿಂದವರನ್ನು, ಅವರು ಬೀಳದಿದ್ದರೂ, ಗೆದ್ದಿದ್ದರೂ, ಪರೀಕ್ಷಿಸದೆ ಮುಂದಿನ ಪಂದ್ಯಕ್ಕೆ ಬಿಡಬಾರದು. ಇಷ್ಟನ್ನೂ ಮಾಡಲಾಗದವರು ಪಂದ್ಯ ನಡೆಸುವುದೇ ಬೇಡ.