ಮೂರು ಮುದ್ದೆ ಹಿಟ್ಟು, ನಿಮ್ಮೂರ ಅಂಗನವಾಡಿಗೆ

ಮನೆಯ ಹತ್ತಿರ ಅಂಗನವಾಡಿ ಇರುವ ಎಲ್ಲರಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಬಿಡುವಿರುವ ಅಜ್ಜ-ಅಜ್ಜಿಯರಲ್ಲಿ ಒಂದು ಕೋರಿಕೆ. ಈ ತಿಂಗಳು ಒಂದು ದಿನ ಅಲ್ಲಿಗೆ ಹೋಗಿ. ಬೀಟ್‌ರೂಟ್, ಅರಿಸಿನ, ಒಂದು ಹಿಡಿ ಶಂಖಪುಷ್ಪ, ಅಕ್ಕಿ ಹಿಟ್ಟು ಜೊತೆಗಿರಲಿ. ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ. ಮಕ್ಕಳ ತೂಕ, ಅಡುಗೆ, ದಾಖಲೆ ಪುಸ್ತಕ ಎಲ್ಲ ಅವರ ತಲೆಯ ಮೇಲೇ ಇದೆ. ಹಿಟ್ಟು ಕಲಸುವುದು, ಪಾತ್ರೆ ತೊಳೆಯುವುದು ನಿಮ್ಮ ಪಾಲಿಗಿರಲಿ.

ಕಡುಬಿಗೆ ಮಾಡುವಂತೆಯೇ ಹಿಟ್ಟು ಉಕ್ಕರಿಸಿ, ನೀರು ಮಾತ್ರ ತುಸು ಕಡಿಮೆ. ಮೂರು ಪಾಲು ಮಾಡಿ. ಒಂದಕ್ಕೆ ಬೀಟ್‌ರೂಟ್ ರಸ, ಒಂದಕ್ಕೆ ಚಿಟಿಕೆ ಅರಿಸಿನ, ಇನ್ನೊಂದಕ್ಕೆ ಶಂಖಪುಷ್ಪದ ಎಸಳನ್ನು ಬಿಸಿನೀರಲ್ಲಿ ನೆನೆಸಿ ಹಿಂಡಿದ ನೀಲಿ ನೀರು. ಆರಿದ ಮೇಲೆ ಕೈ ತೊಳೆಸಿ, ಪ್ರತಿ ಮಗುವಿಗೂ ಮೂರು ಪುಟ್ಟ ಮುದ್ದೆ ಕೊಡಿ.

ಆಮೇಲೆ ದಯವಿಟ್ಟು ಸುಮ್ಮನಿರಿ. ಕಷ್ಟದ ಕೆಲಸ ಇದೇ. ಹಳದಿಗೆ ನೀಲಿ ಸೇರಿದರೆ ಹಸಿರು ಎಂದು ನಾವು ಹೇಳಿಬಿಟ್ಟರೆ ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಅಷ್ಟೆ. ತಾನೇ ನಾದುವಾಗ ಮೊದಲು ಪಟ್ಟೆ ಪಟ್ಟೆಯಾಗಿ, ಆಮೇಲೆ ಅಲ್ಲಲ್ಲಿ ಹಸಿರಾಗಿ, ಕೊನೆಗೆ ಇಡೀ ಮುದ್ದೆಯೇ ಬದಲಾಗುವುದನ್ನು ಕಾಣುತ್ತದೆ. ಬೀಟ್‌ರೂಟಿಗೆ ಅರಿಸಿನ ಬೆರೆತರೆ ಕಿತ್ತಳೆ. ನೀಲಿ ಬೆರೆತರೆ ನೇರಳೆ. ಮೂರನ್ನೂ ಕಲಸಿ ಮಣ್ಣು ಬಣ್ಣ ಮಾಡುವವರು ಇದ್ದೇ ಇರುತ್ತಾರೆ. ಅವರನ್ನು ತಡೆಯಬೇಡಿ.

ತಿನ್ನುವ ವಸ್ತುವಿನ ಜೊತೆ ಆಟವೇ ಎಂದು ಹಿರಿಯರು ಗದರುವುದುಂಟು. ಆ ಮಾತಿಗೆ ಬೆಲೆ ಇದೆ. ಅದಕ್ಕೇ ನಾದಿದ್ದನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ. ತಾವು ಮಾಡಿದ್ದನ್ನು ತಾವೇ ತಿನ್ನಲಿ. ಬೀಟ್‌ರೂಟಿನ ಬಣ್ಣ ಬಿಸಿಗೆ ಪೇಲವವಾಗುತ್ತದೆ. ಯಾಕೆ ಹೀಗಾಯಿತು ಎಂದು ಮಗು ಕೇಳಿದರೆ ಇನ್ನೂ ಒಳ್ಳೆಯದು.

ಅಂಗಡಿಯ ಬಣ್ಣದ ಸೀಸೆ ಮಾತ್ರ ಬೇಡ. ಕಾಟನ್ ಕ್ಯಾಂಡಿಯಲ್ಲಿ ರೋಡಮಿನ್-ಬಿ ಎಂಬ ರಾಸಾಯನಿಕ ಬಣ್ಣ, ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು. ಕಣ್ಣು ಕುಕ್ಕುವ ಕೆಂಪೇ ರುಚಿ ಎಂದು ನಂಬಿದ ಮಕ್ಕಳಿಗೆ ತರಕಾರಿಯ ಮಂಕು ಬಣ್ಣದ ಪರಿಚಯವೂ ಆಗಲಿ. ಆರತಿಯ ಕೆಂಪು ನೀರು ತೋರಿಸುವ ಆಸೆ ಬಂದರೂ ತಡೆದುಕೊಳ್ಳಿ: ಅರಿಸಿನಕ್ಕೆ ಸುಣ್ಣ ಸೇರಿ ಕೆಂಪಾಗುವುದು ಬಣ್ಣ ಬೆರೆತದ್ದಲ್ಲ, ಅದು ಬೇರೆಯೇ ಕ್ರಿಯೆ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ ಕೂಡ.

ನಿಮ್ಮ ಬೇಲಿಯಲ್ಲಿ ಶಂಖಪುಷ್ಪ ಹಬ್ಬಿದ್ದರೆ ಅಂಗನವಾಡಿಯ ಬಾಲವಿಕಾಸ ಸಮಿತಿಯವರಿಗೆ ತಿಳಿಸಿ. ಔಷಧ ಹೊಡೆದ ಬಳ್ಳಿಯದು ಬೇಡ. ಬಿಳಿ ಹೂವಿನದೂ ಒಂದಿದೆ, ಅದು ಬಣ್ಣ ಬಿಡದು, ನೀಲಿಯದನ್ನೇ ಕೊಡಿ.